ಲಿಫ್ಟ್ ಹತ್ತಿ ಹಿಡಿದ ಶಾಂಘೈ ಸೂರ್ಯ

ಕಳೆದ ತಿಂಗಳು ನಾನು ಸೂರ್ಯನನ್ನು ಹಿಡಿಯಲು ಲಿಫ್ಟ್ ಹತ್ತಿದೆ.

ಇದು ಕವಿತೆಯ ಸಾಲಲ್ಲ. (ಆ ಚಟ ನನಗೆ ಹತ್ತಿಲ್ಲ, ಓದುಗರ ಪುಣ್ಯ.) ಶಾಂಘೈ ಎಂಬ ಮಹಾ ಬಂದರು ನಗರದಲ್ಲಿ, ಸಂಜೆ ನಾಲ್ಕೂವರೆಯ ಸುಮಾರಿಗೆ, ನಮ್ಮವ್ವನ ತಂಗಿ, ಎಪ್ಪತ್ತೆರಡು ವರ್ಷದ ಚಂಪಾ ಮಾವಶಿಯ ಕೈ ಹಿಡಿದು, ಒಂದು ಸ್ಟೀಲ್ ಡಬ್ಬಿಯನ್ನು ಎದೆಗೆ ಅವಚಿಕೊಂಡು, ನಿಜವಾಗಿಯೂ ಹತ್ತಿದೆ. ಸೂರ್ಯ ಸಿಗದಿದ್ದರೆ ಮಾವಶಿ ಉಪವಾಸ. ಮಾವಶಿ ಉಪವಾಸವಿದ್ದರೆ ಸಕ್ಕರೆ ಕಾಯಿಲೆ ಆಕೆಯನ್ನು ಬಿಡುವುದಿಲ್ಲ. ಆಕೆಗೆ ಏನಾದರೂ ಆದರೆ ಮಿರಜಿನಲ್ಲಿರುವ ಆಕೆಯ ಮಗ ಶೀತಲ ನನ್ನನ್ನು ಬಿಡುವುದಿಲ್ಲ.

ನಮ್ಮಂಥವರು ಶಾಂಘೈಗೆ ಹೋದದ್ದಾದರೂ ಹೇಗೆ?

ಶೀತಲ ಬಾವಿ, ಬೋರ್‌ವೆಲ್‌ಗಳ ಪಂಪು ಮಾರುತ್ತಾನೆ. ಈಗಿನ ಕಾಲದಲ್ಲಿ ಹೆಚ್ಚು ಪಂಪು ಮಾರಿದವನಿಗೆ ಕಂಪನಿಯವರು ಶಾಲು ಹೊದಿಸುವುದಿಲ್ಲ, ವಿಮಾನ ಹತ್ತಿಸುತ್ತಾರೆ. ಟಾರ್ಗೆಟ್ ಮುಟ್ಟಿದ ಡೀಲರುಗಳಿಗೆಲ್ಲ ಶಾಂಘೈ ಟೂರ್, ಒಬ್ಬೊಬ್ಬರಿಗೆ ಎರಡೆರಡು ಟಿಕೆಟ್. (ನಮ್ಮಪ್ಪ ಮಿರಜಿನ ಹತ್ತಿರದ ಆರಗದಲ್ಲಿ ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದರು. ಅವರನ್ನು ಯಾವ ಕಂಪನಿಯೂ ಸಾಂಗ್ಲಿಯವರೆಗೆ ಕೂಡ ಕರೆದೊಯ್ಯಲಿಲ್ಲ.) ಆದರೆ ಶೀತಲನ ಹೆಂಡತಿಗೆ ವಿಮಾನವೆಂದರೆ ಭಯ. ಶೀತಲನಿಗೆ ಹೆಂಡತಿಯೆಂದರೆ ಭಯ. ಹೀಗಾಗಿ ಟಿಕೆಟ್ಟುಗಳು ಅವನ ಅವ್ವನಿಗೂ, ಅವನ ದೊಡ್ಡವ್ವನ ಮಗನಾದ ನನಗೂ ಬಂದವು.

ಮಿರಜ್ ಸ್ಟೇಷನ್ನಿನಲ್ಲಿ ಮುಂಬಯಿ ಗಾಡಿ ಹತ್ತುವಾಗ ಶೀತಲ ನನ್ನನ್ನು ಪಕ್ಕಕ್ಕೆ ಕರೆದ. "ದಾದಾ, ಅವ್ವಗ ಹೊತ್ತ ಮುಳುಗೂದ್ರಾಗ ಊಟ ಆಗಬೇಕ್ರಿ. ಊಟ ಆದಮ್ಯಾಲೆ ಗುಳಿಗಿ. ಒಂದ ಊಟ ತಪ್ಪಿತಂದ್ರ ಅಕಿ ಕೈಕಾಲ ನಡಗತಾವ. ಎಲ್ಲಾ ನಿಮ್ಮ ಮ್ಯಾಲೆ ಬಿಟ್ಟೇನಿ."

ಕಿಟಕಿಯೊಳಗಿಂದ ಮಾವಶಿ ಕೂಗಿದಳು. "ಏನ ಗುಸುಗುಸು ನಡಸೀರಿ? ಆ ಏಳನೇ ಮಾಳಿಗಿ ಮಾತಾದ್ರ ಈಗ ಹೇಳ್ತೀನಿ, ನಾ ಬರಾಂಗಿಲ್ಲ. ನೆಲಾ ಬಿಟ್ಟ ಅಷ್ಟ ಮ್ಯಾಲೆ ಇರಾಕ ನಾ ಏನ ಗುಬ್ಬಿ ಏನೋ?"

(ಸಾಂಗ್ಲಿ–ಮಿರಜ್ ರಸ್ತೆಯಲ್ಲಿ ಶೀತಲ ಒಂದು ಫ್ಲ್ಯಾಟ್ ಹಿಡಿದಿದ್ದಾನೆ. ಏಳನೆಯ ಮಾಳಿಗೆ. ಮಾವಶಿ ಒಪ್ಪದ ಕಾರಣ ಒಂದು ವರ್ಷದಿಂದ ಅದರಲ್ಲಿ ಬೀಗ ಮಾತ್ರ ವಾಸವಾಗಿತ್ತು.)

ಇನ್ನು ವ್ರತದ ವಿಷಯ. ನಮ್ಮ ಜೈನ ಮನೆಗಳ ಹಿರಿಯರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಚಂಪಾ ಮಾವಶಿ ನೀರನ್ನೂ ಮುಟ್ಟುವುದಿಲ್ಲ. ಮದುವೆಯಾಗಿ ಬಂದ ವರ್ಷ ಹಿಡಿದ ನಿಯಮ. ಬಾಣಂತನದಲ್ಲಿ ಬಿಟ್ಟಿಲ್ಲ, ಮನೆಯೊಳಗೆ ಕೃಷ್ಣೆಯ ಮಹಾಪೂರ ಬಂದಾಗಲೂ ಬಿಟ್ಟಿಲ್ಲ. ನಾನು ಅದೇ ಮನೆತನದವನಾದರೂ ರಾತ್ರಿ ಟಿವಿ ಮುಂದೆ ಕುಳಿತು ಭಡಂಗ ಚುರುಮುರಿ ಮುಕ್ಕುವವನು. ಇಂಥವನ ಮೇಲೆ ಇಂಥ ಜವಾಬ್ದಾರಿ!

ಜವಾಬ್ದಾರಿಯನ್ನು ನಾನು ಹಗುರಾಗಿ ತೆಗೆದುಕೊಳ್ಳಲಿಲ್ಲ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಬಸದಿಯವರು ಕೊಟ್ಟ ಕ್ಯಾಲೆಂಡರ್ ತೂಗುತ್ತದೆ. ಅದರಲ್ಲಿ ದಿನಕ್ಕೊಂದರಂತೆ ಸೂರ್ಯೋದಯ, ಸೂರ್ಯಾಸ್ತದ ಸಮಯ ಅಚ್ಚಾಗಿರುತ್ತದೆ. ಅದರ ನವೆಂಬರ್ ಹಾಳೆಯನ್ನು ಹರಿದು, ನಾಲ್ಕು ಮಡಿಕೆ ಮಾಡಿ, ಸರ್ಕಾರಿ ಆದೇಶದ ಹಾಗೆ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಚೀನಾದಲ್ಲಿ ಇಳಿದ ತಕ್ಷಣ ಕೈಗಡಿಯಾರವನ್ನು ಎರಡೂವರೆ ತಾಸು ಮುಂದೆ ತಿರುಗಿಸಿದೆ. ಇನ್ನೇನು ಬಾಕಿ? ಗಡಿಯಾರ ಚೀನಾದ್ದು, ಹಾಳೆ ಬಸದಿಯದು. ಎರಡೂ ನಂಬಿಕಸ್ಥ.

ಮೊದಲ ದಿನ ಮಧ್ಯಾಹ್ನ ನಮ್ಮನ್ನು ದೋಣಿಯಲ್ಲಿ ನದಿ ತೋರಿಸಲು ಒಯ್ದರು. ನದಿ ಎಂದರೆ ನಮಗೆ ಹರಿಪುರದ ಸಂಗಮ. ಅಲ್ಲಿ ಎರಡು ಹೊಳೆ ಕೂಡುತ್ತವೆ, ಜನ ಕೈ ಮುಗಿಯುತ್ತಾರೆ. ಇಲ್ಲಿ ನೀರಿಗಿಂತ ಹಡಗು ಹೆಚ್ಚು. ಹಡಗಿನ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ.

"ಅಯ್ಯ, ಇಷ್ಟೊಂದ ಪೆಟ್ಟಿಗಿ! ಯಾರ ಮನೀ ಸಾಮಾನೋ ಬಾಳೂ?" ಮಾವಶಿ ಕೇಳಿದಳು.

ಏನು ಹೇಳಲಿ? ನಮ್ಮ ಮನೆಗಳದೇ. ದೀಪಾವಳಿಗೆ ಮಿರಜಿನ ಪೇಟೆಯಲ್ಲಿ ನಾವು ಕೊಂಡ ಮಿಣಮಿಣ ದೀಪದ ಸರ, ಶೀತಲನ ಮಗಳ ಮಾತಾಡುವ ಗೊಂಬೆ, ಮಾವಶಿಯ ಕಾಲಲ್ಲಿದ್ದ ಹೊಸ ಬೂಟು, ಎಲ್ಲವೂ ಇಂಥ ಪೆಟ್ಟಿಗೆಯಿಂದಲೇ ಇಳಿದವು. ನಾವು ಚೀನಾಕ್ಕೆ ಬರುವ ಎಷ್ಟೋ ಮೊದಲೇ ಚೀನಾ ನಮ್ಮ ಮನೆಗೆ ಬಂದು ಕಾಲು ಚಾಚಿ ಕುಳಿತಿತ್ತು.

ಇದನ್ನೇ ಧ್ಯಾನಿಸುತ್ತ ನಿಂತವನ ಅಂಗಿಯನ್ನು ಮಾವಶಿ ಎಳೆದಳು. "ಬಾಳೂ, ಕತ್ತಲಾಕ್ಕತೈತಲ್ಲೋ."

ಗಡಿಯಾರ ನೋಡಿದೆ. ಐದು ಗಂಟೆ. ಹಾಳೆ ಬಿಡಿಸಿದೆ. "ಗಾಬರಿ ಆಗಬ್ಯಾಡ ಮಾವಶಿ. ಇನ್ನೂ ಒಂದ ತಾಸ ಐತಿ. ನೋಡಿಲ್ಲೆ, ಛಾಪಿಸ್ಯಾರ."

ಮಾವಶಿ ಹಾಳೆ ನೋಡಲಿಲ್ಲ. ದಂಡೆಯ ಉದ್ದಕ್ಕೂ ಹತ್ತಿಕೊಳ್ಳುತ್ತಿದ್ದ ದೀಪಗಳನ್ನು ನೋಡಿದಳು. "ಕ್ಯಾಲೆಂಡರದಾಗ ಐತೆಪಾ. ಆಕಾಶದಾಗಿಲ್ಲ."

ಸಾಂಗ್ಲಿಯ ಸೂರ್ಯ ಎಂಥ ಚಳಿಗಾಲದಲ್ಲೂ ಸಂಜೆ ಆರರ ಆಸುಪಾಸಿನವರೆಗೆ ಡ್ಯೂಟಿಯಲ್ಲಿರುತ್ತಾನೆ. ಅವನು ಎಲ್ಲ ಊರಿನಲ್ಲೂ ಅಷ್ಟೇ ನಿಷ್ಠಾವಂತ ಎಂದು ನಂಬಿದ್ದು ನನ್ನ ತಪ್ಪು. ಶಾಂಘೈಯಲ್ಲಿ ಅವನು ಒಂದು ತಾಸು ಮೊದಲೇ ಸಹಿ ಮಾಡಿ ಹೋಗಿಬಿಟ್ಟಿದ್ದ. ಯಾರನ್ನಾದರೂ ಕೇಳಬಹುದಿತ್ತಲ್ಲ ಎನ್ನುತ್ತೀರಾ? ಅರವತ್ತು ದಾಟಿದ ಗಂಡಸು ದಾರಿಯನ್ನೇ ಕೇಳುವುದಿಲ್ಲ. ಸೂರ್ಯನನ್ನು ಕೇಳುತ್ತಾನೆಯೇ?

ಮಾವಶಿ ಬೈಯಲಿಲ್ಲ. ಊಟದ ಡಬ್ಬಿಯ ಮುಚ್ಚಳ ಒತ್ತಿ ಚೀಲಕ್ಕೆ ಹಾಕಿದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ನಸುಕಿನಲ್ಲಿ ಆಕೆಯ ಕೋಣೆಗೆ ಹೋದೆ. ಸಕ್ಕರೆ ಇಳಿದು ಹಣೆಯ ಮೇಲೆ ಬೆವರು. ಕೈ ಗಡಗಡ ನಡುಗುತ್ತಿತ್ತು. ಬೆಲ್ಲದ ತುಣುಕು ಮುಂದೆ ಹಿಡಿದರೆ ತಲೆ ಅಲ್ಲಾಡಿಸಿದಳು. ಸೂರ್ಯ ಹುಟ್ಟಿರಲಿಲ್ಲ. ಬೆಲ್ಲ ಹಿಡಿದುಕೊಂಡು ನಾನು ಕಿಟಕಿಯಲ್ಲಿ ನಿಂತೆ. ನನ್ನ ಜೀವಮಾನದಲ್ಲಿ ಯಾರಿಗೂ ಅಷ್ಟು ಕಾದಿಲ್ಲ. ಕೊನೆಗೆ ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಕೆಂಪು ಅಂಚು ಕಾಣಿಸಿತು. ಬೆಲ್ಲ ಬಾಯಿಗೆ ಹೋಯಿತು. ಅರ್ಧ ತಾಸಿನಲ್ಲಿ ಕೈಯ ನಡುಕ ನಿಂತಿತು. "ಶೀತಲ್ಯಾಗ ಫೋನ್‌ದಾಗ ಹೇಳಬ್ಯಾಡ" ಎಂದಳು. ನನಗೂ ಹೇಳುವ ಆಸೆಯಿರಲಿಲ್ಲ.

ಇನ್ನೊಂದು ಸಂಜೆ ಹೀಗಾದರೆ ಆಸ್ಪತ್ರೆಯೇ ಗತಿ. ನಮ್ಮ ಗೈಡ್ ಹುಡುಗಿ ಲಿಲಿಯನ್ನು ಹಿಡಿದು ಎಲ್ಲವನ್ನೂ ಹೇಳಿದೆ. (ಮಾವಶಿ ಆಕೆಗೆ ಲೀಲಾ ಎಂದೇ ಹೆಸರಿಟ್ಟು, ಶುದ್ಧ ಕನ್ನಡದಲ್ಲೇ ಮಾತಾಡಿಸುತ್ತಿದ್ದಳು. ಅವರಿಬ್ಬರಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಒಮ್ಮೆಯೂ ಅಡಚಣೆಯಾಗಲಿಲ್ಲ.) ಲಿಲಿ ನಗಲಿಲ್ಲ. ತನ್ನ ಅಜ್ಜಿಯೂ ತಿಂಗಳಿಗೆ ಎರಡು ದಿನ, ಅಮಾವಾಸ್ಯೆ ಮುಗಿದ ಮರುದಿನ ಮತ್ತು ಹುಣ್ಣಿಮೆಯ ಹೊತ್ತಿಗೆ, ಮಾಂಸ ಮುಟ್ಟುವುದಿಲ್ಲ ಎಂದಳು. ಇಂದು ಐದಕ್ಕೆ ಸ್ವಲ್ಪ ಮೊದಲು ಸೂರ್ಯಾಸ್ತ, ನಾಲ್ಕಕ್ಕೆ ಹೋಟೆಲಿಗೆ ಮುಟ್ಟಿಸುತ್ತೇನೆ ಎಂದು ಮಾತು ಕೊಟ್ಟಳು.

ಮಾತು ಕೊಟ್ಟವಳಿಗೆ ನಮ್ಮ ಪಂಪು ಡೀಲರುಗಳ ಪರಿಚಯವಿರಲಿಲ್ಲ. ರೇಷ್ಮೆ ಅಂಗಡಿಗೆ ಹೊಕ್ಕ ಆ ಮಹನೀಯರು ಒಂದೊಂದು ಸ್ಕಾರ್ಫಿಗೂ ಕಬ್ಬಿನ ದರಕ್ಕೆ ಧರಣಿ ಕೂತಂತೆ ಕೂತರು. ಆಮೇಲೆ ಟ್ರಾಫಿಕ್ಕು. ನಾಲ್ಕಾಯಿತು, ನಾಲ್ಕೂ ಹತ್ತಾಯಿತು.

"ಮಾವಶಿ, ಬಸ್ಸಿನಾಗ ಉಂಡಬಿಡ."

"ಬೂಟ ಹಾಕ್ಕೊಂಡ, ಓಡೂ ಗಾಡ್ಯಾಗ? ನಾ ಏನ ಉಣ್ಣಾಕ ಕುಂದರ್ತೀನೊ, ಪಳ್ಯಾ ಮಾರಾಕ ಹೊಂಟೇನೊ?"

ಕೊನೆಗೆ ಬಸ್ಸು ನಿಂತದ್ದು ಹೋಟೆಲಿನಲ್ಲಲ್ಲ, ಟೂರಿನ ಪಟ್ಟಿಯಲ್ಲಿದ್ದ, ಊರಿನ ಅತಿ ಎತ್ತರದ ಗೋಪುರಗಳಲ್ಲೊಂದರ ಬುಡದಲ್ಲಿ. ಇಳಿದು ನೋಡಿದರೆ ಬೀದಿಗೆ ಬೀದಿಯೇ ನೆರಳು. ನಾಲ್ಕು ಕಡೆಯೂ ಗಾಜಿನ ಗೋಡೆ. ಮಾವಶಿ ಕತ್ತೆತ್ತಿ ಒಂದು ಸುತ್ತು ನೋಡಿದಳು. "ಮುಗೀತು. ಮುಳುಗ್ಯಾನ."

"ಇಲ್ಲ ಮಾವಶಿ, ಬಿಲ್ಡಿಂಗ ಹಿಂದ ಅದಾನ. ಇನ್ನೂ ಇಪ್ಪತ್ತ ಮಿನಿಟ ಐತಿ."

"ಯಾರ ಹೇಳ್ಯಾರ? ನಿನ್ನ ಹಾಳ್ಯಾ?"

 ನಿನ್ನೆ ಇಲ್ಲದ ಸೂರ್ಯನನ್ನು ಇದ್ದಾನೆ ಎಂದವನು, ಇಂದು ಇರುವ ಸೂರ್ಯನನ್ನು ಇದ್ದಾನೆ ಎಂದರೆ ಯಾರು ನಂಬುತ್ತಾರೆ? "ಕಣ್ಣಿಗೆ ಕಾಣಲಿ, ಉಣ್ತೀನಿ" ಎಂದು ಮಾವಶಿ ಮೆಟ್ಟಿಲ ಮೇಲೆ ಕುಳಿತೇ ಬಿಟ್ಟಳು. ಆಕೆಯ ಬೆರಳು ಮೆಲ್ಲಗೆ ಅದುರಲು ಶುರುವಾದದ್ದನ್ನು ನಾನು ನೋಡಿದೆ. ಆಕೆ ಅದನ್ನು ಸೆರಗಿನಲ್ಲಿ ಮುಚ್ಚಿದ್ದನ್ನೂ ನೋಡಿದೆ.

ಲಿಲಿ ಮೇಲೆ ಬೆರಳು ತೋರಿಸಿದಳು. "ಸನ್! ಅಪ್‌ಸ್ಟೇರ್ಸ್!"

ಆಮೇಲೆ ನಡೆದದ್ದು ಓಟ. ಕ್ಯೂ ಮಾರುದ್ದ ಇತ್ತು. ಲಿಲಿ ಮುದುಕಿಯನ್ನು ಮುಂದಿಟ್ಟುಕೊಂಡು ಅದನ್ನು ಸೀಳಿದಳು. ತಪಾಸಣೆಯ ಯಂತ್ರದಲ್ಲಿ ಡಬ್ಬಿ ಹೋದಾಗ ಒಂದರ ಮೇಲೊಂದು ಕುಳಿತ ದಶಮಿಗಳು ಪರದೆಯ ಮೇಲೆ ದುಂಡಗೆ ಮೂಡಿ, ಇಬ್ಬರು ಕಾವಲುಗಾರರು ಬಗ್ಗಿ ನೋಡಿದರು. ಔಷಧ ಎಂದಳಂತೆ ಲಿಲಿ. ಸುಳ್ಳೇನು? ಹಾಲಿನಲ್ಲಿ ನಾದಿದ ಆ ರೊಟ್ಟಿಗಿಂತ ದೊಡ್ಡ ಔಷಧ ಆ ಗಳಿಗೆಯಲ್ಲಿ ಇಡೀ ಚೀನಾದಲ್ಲಿ ಇರಲಿಲ್ಲ.

ಲಿಫ್ಟಿನಲ್ಲಿ ಕಿವಿ ಮುಚ್ಚಿಕೊಂಡವು. ಮಾವಶಿ ಕಣ್ಣನ್ನೂ ಮುಚ್ಚಿಕೊಂಡು ಣಮೋಕಾರ ಮಂತ್ರ ಹೇಳುತ್ತಿದ್ದಳು. ಬಾಗಿಲು ತೆರೆಯಿತು.

ಇದ್ದ. ಮಾರಾಯ, ಇದ್ದ!

ಪಡುವಣದ ಗಾಜಿನ ಆಚೆ, ಬಾನಂಚಿನಿಂದ ಗೇಣೆತ್ತರದಲ್ಲಿ, ಕುಂಕುಮದ ಬಟ್ಟಲಿನ ಹಾಗೆ ಕುಳಿತಿದ್ದ. ನಾನು ದೇವಸ್ಥಾನಗಳಲ್ಲೂ ಅಷ್ಟು ಮನಸಾರೆ ಕೈ ಮುಗಿದವನಲ್ಲ.

ಮಾವಶಿ ತಡ ಮಾಡಲಿಲ್ಲ. ಬೂಟು ಬಿಚ್ಚಿದಳು, ಒದ್ದೆ ಕರವಸ್ತ್ರದಲ್ಲಿ ಕೈ ಒರೆಸಿದಳು, ಸೂರ್ಯನ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಡಬ್ಬಿ ಬಿಚ್ಚಿದಳು. ಮೊದಲ ತುತ್ತು ಮುರಿಯುವಷ್ಟರಲ್ಲಿ ಸಮವಸ್ತ್ರದವನೊಬ್ಬ ಓಡಿ ಬಂದ. ಇಲ್ಲಿ ತಿನ್ನುವಂತಿಲ್ಲ! ಲಿಲಿ ಅವನೊಡನೆ ಜಗಳಕ್ಕೆ ನಿಂತಳು. ಮಾವಶಿ ತಲೆ ಎತ್ತದೆ ಒಂದು ಬೇಸನ್ ಉಂಡಿಯನ್ನು ಅವನತ್ತ ಚಾಚಿದಳು. "ತಗೋಪಾ. ನಿಂದೂ ಊಟ ಆಗಿರಾಕಿಲ್ಲ."

ಅವನು ಉಂಡಿ ತೆಗೆದುಕೊಳ್ಳಲಿಲ್ಲ. ಆಕೆಯ ಅದುರುವ ಕೈಯನ್ನು ನೋಡಿದ. ಆಮೇಲೆ ನಮಗೆ ಬೆನ್ನು ಮಾಡಿ, ಕೈ ಕಟ್ಟಿ, ಬೇರೆ ಜನಕ್ಕೆ ಕಾಣದ ಹಾಗೆ ಅಡ್ಡ ನಿಂತ. ಅವನು ಏನನ್ನೂ ನೋಡಿಲ್ಲ. ನೀವೂ ಯಾರಿಗೂ ಹೇಳಬೇಡಿ.

ಅಷ್ಟರಲ್ಲಿ ಡೀಲರುಗಳು ಮೇಲೆ ಬಂದರು. ಕುಸ್ತಿಯ ಊರಿನವರು, ಸುಮ್ಮನಿರುತ್ತಾರೆಯೇ? ಸುತ್ತ ನಿಂತು ಸೂರ್ಯನ ಕಾಮೆಂಟರಿ ಶುರು ಮಾಡಿದರು. "ಮಾವಶಿ, ಅಂಚಿಗೆ ತಾಗ್ಯಾನ್ರಿ!" "ಅರ್ಧ ಹೋದ ನೋಡ್ರಿ!" ಮಾಧವನಗರದ ಪಾಟೀಲರು ಬೇಗ ಬೇಗ ಎಂದು ಮರಾಠಿಯಲ್ಲೇ ಹುರಿದುಂಬಿಸಿದರು, "ಲೌಕರ, ಲೌಕರ!"

"ಬಾಯಿ ಮುಚ್ಚರ್ಯೋ! ತುತ್ತ ಗಂಟಲದಾಗ ಸಿಗತೈತಿ" ಎಂದು ಮಾವಶಿ ಗದರಿದಳು. ಕೊನೆಯ ತುತ್ತು. ಗುಳಿಗೆ. ಎರಡು ಗುಟುಕು ನೀರು. ಬಾಯಿ ಒರೆಸಿ ಕೈ ಮುಗಿದಳು. ಸೂರ್ಯ ಹೋದ. ನಾನು ಅಲ್ಲೇ ಗೋಡೆಗೆ ಒರಗಿ ಕುಳಿತೆ.  ಮಾವಶಿಯ ಬೆರಳುಗಳು ಮಡಿಲಲ್ಲಿ ತಣ್ಣಗೆ ಮಲಗಿದ್ದವು.

ಕೆಳಗೆ ಬೀದಿಗಳಲ್ಲಿ ಆಗಲೇ ದೀಪ ಹತ್ತಿದ್ದವು. ಅದನ್ನು ನೋಡುತ್ತ ಮಾವಶಿ ಅಂದಳು, "ಇದ್ಯಾವ ನ್ಯಾಯಾ ಬಾಳೂ? ಮ್ಯಾಲಿದ್ದವರಿಗಿ ಇನ್ನೂ ಹಗಲ, ಕೆಳಗಿದ್ದವರಿಗಿ ಆಗಲೇ ಕತ್ತಲಿ."

ಆರ್ಥಿಕ ಉದಾರೀಕರಣದ ಬಗ್ಗೆ ನಾನು ಈ ಅಂಕಣದಲ್ಲಿ ಎಷ್ಟು ವಾರ ಬರೆದಿದ್ದೇನೆ! ಒಂದು ವಾರವೂ ಇಷ್ಟು ಚಿಕ್ಕದಾಗಿ ಹೇಳಲು ಬರಲಿಲ್ಲ. ನಮ್ಮಲ್ಲೇನು ಬೇರೆಯೇ? ಮೊದಲು ಮಾವಶಿಯ ಓಣಿಯವರೆಲ್ಲ ಹೊಸ್ತಿಲಲ್ಲಿ ನಿಂತು, ಹುಣಸೆ ಮರದ ಹಿಂದೆ ಇಳಿಯುವ ಸೂರ್ಯನನ್ನು ನೋಡಿ ಊಟ ಮುಗಿಸುತ್ತಿದ್ದರು. ಈಗ ಮರದ ಜಾಗದಲ್ಲಿ ಐದು ಮಾಳಿಗೆ ಎದ್ದಿದೆ. ಅದಕ್ಕೇ ತಾನೆ ಮನೆಮನೆಯಲ್ಲೂ ಆ ಕ್ಯಾಲೆಂಡರು?

ಮಾವಶಿ ಮಾತ್ರ ನನ್ನ ಹಾಗೆ ಚಿಂತನೆಯಲ್ಲಿ ಕೂರುವವಳಲ್ಲ. ಬೂಟಿನ ಪಟ್ಟಿ ಬಿಗಿಯುತ್ತ ಕೇಳಿದಳು, "ಶೀತಲ್ಯಾನ ಫ್ಲ್ಯಾಟಿಗಿ ಪಡುವಣ ಕಡೆ ಕಿಡಕಿ ಐತೇನೋ?"

ಐತಿ ಎಂದೆ. ದೊಡ್ಡದೇ ಐತಿ.

ಈಗ ಮಿರಜಿನಲ್ಲಿ ಸಂಭ್ರಮ. ಫ್ಲ್ಯಾಟಿನ ಬೀಗ ತೆರೆದಿದೆ. ಅವ್ವನನ್ನು ಒಪ್ಪಿಸಿದವನು ನಾನೇ ಎಂದು ತಿಳಿದು ಶೀತಲ ನನಗೆ ಪೇಢೆಯ ಡಬ್ಬಿ ತಂದುಕೊಟ್ಟ. (ನಡುಗಿದ ಕೈಯ ಸಂಗತಿ ಅವನಿಗೆ ಇಂದು ಈ ಅಂಕಣ ಓದಿಯೇ ತಿಳಿಯಬೇಕು. ಪೇಢೆ ಮುಗಿದಿವೆ.) ಏಳನೆಯ ಮಾಳಿಗೆಯ ಪಡುವಣ ಕಿಟಕಿಯಲ್ಲಿ ಮಾವಶಿ ದಿನವೂ ಸೂರ್ಯನೆದುರು ತಟ್ಟೆ ಹಾಕಿಕೊಂಡು, ಗಡಿಬಿಡಿಯಿಲ್ಲದೆ ಉಣ್ಣುತ್ತಾಳೆ. ಸಕ್ಕರೆ ಹತೋಟಿಯಲ್ಲಿದೆಯಂತೆ.

ನಿನ್ನೆ ಹೋಗಿದ್ದೆ. ಆ ಕಿಟಕಿಯ ಎದುರಿನ ಖಾಲಿ ಪ್ಲಾಟಿನಲ್ಲಿ ಒಂದು ಹೊಸ ಬೋರ್ಡು ನಿಂತಿದೆ: ಹನ್ನೊಂದು ಮಾಳಿಗೆ, ಬುಕಿಂಗ್ ಆರಂಭ. ಮಾವಶಿಗೆ ಅದನ್ನು ಓದಿ ಹೇಳುವವರು ಯಾರು?