ಹುಲ್ಲಿನ ಮೇಲೆ ಹಾಸಿದ ಕಂಬಳಿ

ನಮ್ಮ ಕೆಲಸವನ್ನು ನಾವೇ ಹೊಗಳಿಕೊಳ್ಳಬಾರದು ಎನ್ನುತ್ತಾರೆ. ಮತ್ತೆ ಯಾರು ಹೊಗಳಬೇಕು, ಪಕ್ಕದ ಅಂಗಡಿಯವನೇ? ರಾಯಚೂರಿನಿಂದ ಮಾನ್ವಿಯ ತನಕ ನಾನು ಹಾಸಿದ ಪ್ಲಾಸ್ಟಿಕ್ ಹುಲ್ಲಿನಲ್ಲಿ ಪಟ್ಟಿಗೆ ಪಟ್ಟಿ ಸೇರುವ ಜೋಡಣೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದವರು ಇನ್ನೂ ಹುಟ್ಟಿಲ್ಲ. ಒಂದೇ ಒಂದು ಮನೆಯಲ್ಲಿ ಅದು ಕಾಣುತ್ತದೆ. ಅಲ್ಲಿ ಕೊಯ್ದವನೂ ನಾನೇ.

ನಮ್ಮದು ದೇವದುರ್ಗದ ಕಡೆಯ ಕುರಿ ಕಾಯುವ ಮನೆತನ. ಕುರಿಯ ಮೈಮೇಲೆ ಕೈಯಾಡಿಸಿ ಉಣ್ಣೆ ಯಾವ ಕಡೆಗೆ ಮಲಗಿದೆ ಎಂದು ತಿಳಿಯುವುದನ್ನು ಅಪ್ಪ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದ. ಈ ಹುಲ್ಲೂ ಹಾಗೆಯೇ, ಒಂದು ಕಡೆಗೆ ವಾಲಿರುತ್ತದೆ. ಎಲ್ಲ ಸುರುಳಿಗಳನ್ನೂ ಒಂದೇ ದಿಕ್ಕಿಗೆ ಹಾಸದಿದ್ದರೆ ಒಂದು ಪಟ್ಟಿ ಕಪ್ಪಾಗಿಯೂ ಇನ್ನೊಂದು ಬೆಳ್ಳಗೂ ಕಾಣುತ್ತದೆ. ಉಳಿದವರು ಎರಡು ಮನೆ ಕೆಡಿಸಿ ಕಲಿಯುವುದನ್ನು ನಾನು ಮೊದಲ ಸಲ ಮುಟ್ಟಿದಾಗಲೇ ತಿಳಿದುಕೊಂಡೆ. ಅಪ್ಪನಿಗೆ ಹೇಳಿದರೆ, ಕುರಿ ಮೂಸಿ ನೋಡದ ಹುಲ್ಲಿಗೆ ಇಷ್ಟು ಯಾಕೆ ಮೆರೆಯುತ್ತೀಯ ಎಂದು ನಕ್ಕ. ಆದರೂ ತನ್ನದೊಂದು ಕರಿಕಂಬಳಿ ಕೊಟ್ಟ. ಅದನ್ನು ನಾಲ್ಕು ಮಡಿಕೆ ಮಾಡಿ ಮೊಣಕಾಲ ಕೆಳಗೆ ಹಾಕಿಕೊಂಡೇ ನಾನು ಕೆಲಸ ಮಾಡುವುದು. ಮೊಣಕಾಲೂರಿದರೂ ಸರಿ, ಬೂಟು ಮಾತ್ರ ಅದಕ್ಕೆ ತಾಗಬಾರದು.

ಜೋಡಣೆ ಕಾಣುವ ಆ ಮನೆ ಮಾನ್ವಿಯ ಒಬ್ಬ ಡಾಕ್ಟರರದು, ವೈಷ್ಣವರು. ಹಿತ್ತಲಲ್ಲಿ ಮಕ್ಕಳಿಗಾಗಿ ಈಜುಕೊಳ ಕಟ್ಟಿಸಿದ್ದರು. ಅದರ ಸುತ್ತ ಹುಲ್ಲು ಹಾಸಬೇಕಿತ್ತು. ಹಿತ್ತಲ ಒಂದು ಬದಿಗೆ, ಮನೆಯ ಕಟ್ಟೆಯಿಂದ ಏಳೆಂಟು ಹೆಜ್ಜೆ ದೂರದಲ್ಲಿ, ಡಾಕ್ಟರರ ತಾಯಿಯವರು ಬಟ್ಟೆ ಒಣಗಿಸುವ ಬಿದಿರು ಗಳ ಇತ್ತು. ಅವರು ಮಡಿಸೀರೆಯನ್ನು ಕೋಲಿನಿಂದ ಅದಕ್ಕೆ ಹರವುತ್ತಿದ್ದರು. ಮಧ್ಯಾಹ್ನ ಮತ್ತೆ ಸ್ನಾನ ಮಾಡಿ, ಯಾರನ್ನೂ ಮುಟ್ಟದೆ, ಬರಿಗಾಲಲ್ಲಿ ಬಂದು ಕೋಲಿನಿಂದಲೇ ಇಳಿಸಿಕೊಳ್ಳುತ್ತಿದ್ದರು. ವಯಸ್ಸು ಎಂಬತ್ತರ ಹತ್ತಿರ. ಅಡುಗೆ, ಪೂಜೆ ಎಲ್ಲವನ್ನೂ ಸೊಸೆಗೆ ಬಿಟ್ಟುಕೊಟ್ಟಿದ್ದರಂತೆ. ಇದೊಂದನ್ನು ಮಾತ್ರ ಬಿಟ್ಟಿರಲಿಲ್ಲ.

ಮೊದಲ ದಿನ ನಾನು ಅಳತೆ ಹಿಡಿದಾಗ ಅವರು ದೂರ ನಿಂತು ಕೇಳಿದರು.

"ತಮ್ಮಾ, ಗಳದ ತನಕ ನನ್ನ ಕಾಲಿಗೊಂದಿಷ್ಟು ಮಣ್ಣು ಬಿಡಪಾ."

ಮಣ್ಣು ಬಿಡಬೇಕೆಂದರೆ ಹುಲ್ಲು ಕೊಯ್ಯಬೇಕು. ಕೊಯ್ದರೆ ಅಂಚು ಕಾಣುತ್ತದೆ. ನನ್ನ ಕೆಲಸದಲ್ಲಿ ಅಂಚು ಕಾಣುವುದೆಂದರೇನು!

"ಅಮ್ಮಾರ, ಹತ್ತಿ ಮ್ಯಾಲ ನಡದಂಗ ಇರ್ತದ್ರಿ. ಮಣ್ಣಿನ ನೆನಪೂ ಬರಂಗಿಲ್ಲ," ಎಂದೆ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಅವರು ತಿರುಗಿ ಒಳಗೆ ಹೋದರು. ಮೂರು ದಿನವೂ ನನಗೆ ಮಜ್ಜಿಗೆ ಕೊಟ್ಟರು. ಲೋಟವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು, ಆಮೇಲೆ ನಾನು ತೆಗೆದುಕೊಳ್ಳುತ್ತಿದ್ದೆ. ಮಡಿಯಲ್ಲಿದ್ದಾಗ ಸ್ವಂತ ಮೊಮ್ಮಕ್ಕಳಿಗೂ ಹಾಗೇ ಕೊಡುತ್ತಿದ್ದರು, ನೋಡಿದ್ದೇನೆ. ಆದರೂ ಒಳಗೆಲ್ಲೋ ಚುಚ್ಚುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮೂರನೆಯ ದಿನ ಕೆಲಸ ಮುಗಿಯಿತು. ಡಾಕ್ಟರರು ಬಂದು ಜೋಡಣೆ ಹುಡುಕಿ ಸೋತರು. ನನ್ನ ಎದೆ ಎರಡು ಗೇಣು ಉಬ್ಬಿತು. ನೆತ್ತಿ ಸುಡುವ ಹೊತ್ತು. ನಾನು ಗಳದ ಬುಡದಲ್ಲಿ ಕೊನೆಯ ಅಂಚು ಒತ್ತುತ್ತಿದ್ದೆ. ಅಮ್ಮನವರು ಕೋಲು ಹಿಡಿದು ಹುಲ್ಲಿಗೆ ಕಾಲಿಟ್ಟರು.

ಮೂರು ಹೆಜ್ಜೆ ನಡೆದು ನಿಂತುಬಿಟ್ಟರು. ಒಂದು ಕಾಲೆತ್ತಿದರು, ಇಳಿಸಿದರು, ಇನ್ನೊಂದನ್ನು ಎತ್ತಿದರು. ಮುಖ ಕಿವುಚಿದರು. ನಾನು ಕೈಗವಸು ಕಳಚಿ ಅಂಗೈಯನ್ನು ಹುಲ್ಲಿಗೆ ಒತ್ತಿ ನೋಡಿದೆ. ಯಪ್ಪಾ, ಒಲೆಯ ಮೇಲಿನ ಹೆಂಚು! ಕಾಲಲ್ಲಿ ಬೂಟು, ಕೈಗೆ ಗವಸು, ಮೊಣಕಾಲಡಿ ಕಂಬಳಿ, ಉಳಿದ ದಿನ ಬಿಸಿಲೇರಿದರೆ ನೆರಳಲ್ಲಿ ಊಟ. ಇನ್ನು ಆ ಸುಡುವಿಕೆ ನನಗೆ ಗೊತ್ತಾಗುವುದಾದರೂ ಹೇಗೆ?

ಡಾಕ್ಟರರು ಓಡಿ ಬಂದರು. ತಾಯಿ ಅಂಗೈ ಎತ್ತಿ ತಡೆದರು. ಮುಟ್ಟಿದರೆ ಮಡಿ ಹೋಗುತ್ತದೆ. ಮಗ ಒಂದು ಗಳಿಗೆ ಕೈ ಚಾಚಿಕೊಂಡೇ ನಿಂತರು. ಅಷ್ಟರಲ್ಲಿ ನಾನು ಕಂಬಳಿ ಬಿಡಿಸಿ ಅಮ್ಮನವರ ಕಾಲ ಬಳಿಗೆ ಬೀಸಿ ಹಾಸಿದೆ. ಹಾಸಿದ ಮೇಲೆ ಹೆದರಿಕೆಯಾಯಿತು, ಕುರುಬನ ಕಂಬಳಿ, ನನ್ನ ಬೆವರು ಕುಡಿದದ್ದು. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು.

"ಉಣ್ಣಿ ಕಂಬಳಿಗೆ ಮೈಲಿಗಿ ಇಲ್ಲ," ಎಂದು ಹತ್ತಿ ನಿಂತರು.

ಹಿಂದಕ್ಕೆ ಹೋಗುತ್ತಾರೆಂದುಕೊಂಡರೆ ಮುಂದಕ್ಕೇ ನಡೆದರು. ಕಂಬಳಿ ಗಳದ ಬುಡದ ತನಕ ಬಂದಿತ್ತು. ನಿಧಾನವಾಗಿ ಕೋಲೆತ್ತಿ ಸೀರೆ ಇಳಿಸಿಕೊಂಡರು. ಡಾಕ್ಟರರು, ನಾಳೆಯಿಂದ ಗಳ ಮಾಳಿಗೆಯ ಮೇಲಿರಲಿ ಎಂದರು. ತಾಯಿ ಮಾಳಿಗೆಯ ಮೆಟ್ಟಿಲುಗಳನ್ನೊಮ್ಮೆ ನೋಡಿದರು. ಮೆಟ್ಟಿಲು ಹತ್ತುವ ಮೊಣಕಾಲುಗಳಲ್ಲ ಅವು. ಮಾಳಿಗೆ ಎಂದರೆ ಇದನ್ನೂ ಸೊಸೆಗೆ ಬಿಟ್ಟುಕೊಡು ಎಂದಂತೆಯೇ.

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಚಾಕು ತೆಗೆದೆ.

"ನಿಮ್ಮ ಹಾದಿ ನಾ ಕಸಗೊಂಡೀನ್ರಿ ಅಮ್ಮಾರ. ನಿಂದರ್ರಿ, ಈಗೇ ಕೊಡ್ತೀನಿ."

ಕಂಬಳಿ ಮುಗಿದಲ್ಲಿಂದ ಮನೆಯ ಕಟ್ಟೆಯ ತನಕ ಮೂರು ಹೆಜ್ಜೆ ಉದ್ದದ ಹುಲ್ಲು. ಡಾಕ್ಟರರು ತಡೆಯುವ ಮೊದಲೇ ಅದರ ನಡುವೆ ಎರಡು ಗೀರು ಎಳೆದೆ. ಪಟ್ಟಿ ಕಿತ್ತೆಸೆದು, ಕೆಳಗಿನ ಕಲ್ಲುಪುಡಿ ಕೆರೆದು, ಮಣ್ಣು ಕಂಡ ಮೇಲೆ ಒಂದು ಬಕೆಟ್ ನೀರು ಸುರಿದೆ. ಅವರು ಅಷ್ಟು ಹೊತ್ತೂ ಕಂಬಳಿಯ ಮೇಲೆ ನಿಂತು ನೋಡಿದರು. ಆಮೇಲೆ ಒದ್ದೆ ಮಣ್ಣಿಗೆ ಕಾಲಿಟ್ಟು ಕಣ್ಣು ಮುಚ್ಚಿದರು.

ಕಂಬಳಿಯ ಕೆಳಗಿನ ಹುಲ್ಲನ್ನೂ ಕೊಯ್ಯಬೇಕೆಂದು ಅದನ್ನು ಸುತ್ತಲು ಹೋದೆ. ಅವರು ಒಳಗೆ ಹೋಗಿರಲಿಲ್ಲ. ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಬಗ್ಗಿದರು.

"ಆ ತುದಿ ನೀ ಹಿಡಿ."

ದೊಡ್ಡ ಕಂಬಳಿ ಮಡಿಸಲು ಇಬ್ಬರು ಬೇಕು. ಎರಡು ಮೂಲೆ ಅವರ ಕೈಯಲ್ಲಿ, ಎರಡು ನನ್ನ ಕೈಯಲ್ಲಿ. ಕೊಡವಿದೆವು. ಅವರು ಮಣ್ಣಿನ ಅಂಚಿನ ತನಕ ಬಂದರು, ಉಳಿದ ದೂರ ನಾನು ನಡೆದೆ. ತಮ್ಮ ಮೂಲೆಗಳನ್ನು ಮಜ್ಜಿಗೆಯ ಲೋಟದಂತೆ ಕೆಳಗಿಡಲಿಲ್ಲ, ನನ್ನ ಕೈಗೇ ಕೊಟ್ಟರು.

"ಈಗ ಜೋಡಣಿ ಕಾಣ್ತದಲ್ಲಪಾ?" ಎಂದರು.

"ಕಾಣ್ಲಿ ಬಿಡ್ರಿ," ಎಂದೆ.