ಇನ್ನೊಬ್ಬರ ಸೀಟಿ

ನಿವೃತ್ತಿಯಾದ ಮೇಲೂ ನಾನು ಬೆಳಗಿನ ಮೈದಾನ ಬಿಟ್ಟಿಲ್ಲ. ಗೋಪನಕೊಪ್ಪದ ಶಾಲೆಯೊಂದರ ಹಿಂದಿನ ಬಯಲಿನಲ್ಲಿ ಹುಡುಗಿಯರಿಗೆ ಖೋ ಖೋ ಕಲಿಸುತ್ತೇನೆ. ಬಿಸಿಲು ಬರುವ ಮೊದಲು ಸುಣ್ಣದ ಗೆರೆ ಬಿದ್ದಿರಬೇಕು, ಎರಡೂ ಕಂಬಗಳು ನೆಟ್ಟಗಿರಬೇಕು, ತಡವಾಗಿ ಬಂದವಳು ಸಬೂಬು ಹೇಳದೆ ಹೆಚ್ಚಿನ ಸುತ್ತು ಓಡಬೇಕು. ಇದು ತವರಿನಿಂದ ಬಂದ ಶಿಸ್ತು. ಅಪ್ಪ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿದ್ದರು. ಕಾರ್ಖಾನೆಯ ಭೋಂಗಾ ಕೂಗಿದಾಗ ನಾವು ಏಳುತ್ತಿದ್ದೆವು, ಅದು ಕೂಗಿದಾಗ ಉಣ್ಣುತ್ತಿದ್ದೆವು. ಅದು ಮುಂಚೆ ಕೂಗಿದ್ದಿಲ್ಲ, ತಡ ಮಾಡಿದ್ದೂ ಇಲ್ಲ. ಮನುಷ್ಯರೂ ಹಾಗೇ ಇರಬೇಕು ಎಂದುಕೊಂಡೇ ನಾನು ಬೆಳೆದೆ, ಮುದುಕಿಯೂ ಆದೆ.

ಕೆಲವು ವರ್ಷಗಳ ಹಿಂದೆ ಬೆಂಗೇರಿಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಅವಳ ಅಪ್ಪನದು ಹಿಟ್ಟಿನ ಗಿರಣಿ. ಅವಳ ಹುಬ್ಬಿನ ಮೇಲೆ ಒಂದಿಷ್ಟು ಜೋಳದ ಹಿಟ್ಟು ಇದ್ದೇ ಇರುತ್ತಿತ್ತು. ಹುಡುಗಿಯರು ಅವಳನ್ನು ಗಿರಣಿ ಎಂದೇ ಕರೆಯುತ್ತಿದ್ದರು. ಓಡುವುದರಲ್ಲಿ ನನ್ನ ಇಷ್ಟು ವರ್ಷಗಳ ಹುಡುಗಿಯರಲ್ಲಿ ಅವಳಂಥವಳು ಇನ್ನೊಬ್ಬಳಿರಲಿಲ್ಲ. ಬೆನ್ನಟ್ಟಿದವಳ ಕೈ ಇನ್ನೇನು ಬೆನ್ನಿಗೆ ತಗಲಬೇಕು, ಅಷ್ಟರಲ್ಲಿ ಕೂತವರ ನಡುವೆ ನುಸುಳಿ ಆಚೆ ಬದಿಗೆ ಹೋಗಿಬಿಡುತ್ತಿದ್ದಳು. ಹಿಡಿಯಲಾರದವಳು ಕೈ ಝಾಡಿಸಿಕೊಂಡು ನಿಂತರೆ ಇವಳು ದೂರದಿಂದ ನಕ್ಕು, “ಯಾಕ, ಜ್ವಾಳಾ ಬೀಸಬೇಕೇನ?” ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಕಂಬ ಸುತ್ತುವಾಗ ಅವಳ ಪಾದ ನೆಲ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಟಕ್ಕೆಂದ ಸದ್ದು ನನಗೂ ಕೇಳಿಸಿತು. ಅವಳು ಮೊಣಕಾಲು ಹಿಡಿದುಕೊಂಡು ಕೆಳಗೆ ಬಿದ್ದಿದ್ದಳು. ನಾನು ಓಡಿ ಹೋದಾಗ ಮುಖವೆಲ್ಲ ಬೆವರಿತ್ತು.

“ಔಟ್ ಆದ್ನೇನ್ರಿ ಅಕ್ಕೋರ?” ಎಂದಳು.

ಮೊಣಕಾಲಿನ ಒಳಗೆ ಮುಂದಿನ ಲಿಗಮೆಂಟ್ ಪೂರ್ತಿ ಹರಿದಿತ್ತು. ಹುಬ್ಬಳ್ಳಿಯಲ್ಲೇ ಆಪರೇಷನ್ ಆಯಿತು. ತೊಡೆಯ ಹಿಂದಿನಿಂದ ಒಂದು ನರದಂಥ ಪಟ್ಟಿ ತೆಗೆದು ಹರಿದ ಜಾಗದಲ್ಲಿ ಕೂರಿಸಿದರು. ವರ್ಷದ ಮುಕ್ಕಾಲು ಭಾಗವಾದರೂ ಆಟದ ಮಾತು ಬೇಡ ಎಂದರು ಡಾಕ್ಟರು. ಅವಳ ಅಪ್ಪನಿಗೆ ಇದು ಅರ್ಥವಾಗಲಿಲ್ಲ.

“ಗಿರಣಿ ಪಟ್ಟಾ ಹರದ್ರ ಹೊಸಾದು ಹಾಕಿ ಅವತ್ತ ಜ್ವಾಳಾ ಸುರೀತೇವ್ರಿ ನಾವು. ಇದಕ್ಕ್ಯಾಕ ಇಷ್ಟ ತಿಂಗಳಾ?”

“ಆ ಪಟ್ಟಾ ಪ್ಯಾಟ್ಯಾಗಿಂದ ತಂದದ್ದು ಕಾಕಾ. ಇದು ಆಕೀ ಮೈಯಾಗಿಂದನ ತಗದದ್ದು. ಹೊಸಾ ಜಾಗಾದಾಗ ಜೀವಾ ಹಿಡೀಬೇಕದು,” ಎಂದೆ. ನನಗೆ ಡಾಕ್ಟರು ಹೇಳಿದ್ದನ್ನೇ ಅವನಿಗೆ ಹೇಳಿದ್ದು.

ಅವನು ನನಗಿಂತ ಚಿಕ್ಕವನು. ಆದರೂ ಬೆಂಗೇರಿಗೆಲ್ಲ ಅವನು ಗಿರಣಿ ಕಾಕಾ, ನನಗೂ ಕಾಕಾನೇ.

ಅಲ್ಲಿಂದ ಮುಂದೆ ಧಾರವಾಡದ ದಾರಿ. ಸಪ್ತಾಪುರದಲ್ಲಿ ಒಬ್ಬ ಫಿಜಿಯೊ ಇದ್ದಳು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅಪ್ಪ ಸ್ಕೂಟರ್ ಮೇಲೆ ಮಗಳನ್ನು ಕರೆದುಕೊಂಡು ಹೋಗುತ್ತಿದ್ದ. ಗಿರಣಿಯಲ್ಲಿ ಗಿರಾಕಿ ಹೆಚ್ಚಿದ್ದರೆ ನಾನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಮೊದಲು ಕಾಲು ಮಡಿಚುವುದು, ಆಮೇಲೆ ಮೆಟ್ಟಿಲು ಹತ್ತುವುದು, ಆಮೇಲೆ ಜಿಗಿಯುವುದು. ತೊಡೆ ಬಡವಾಗಿ ಎರಡೂ ಕಾಲು ಬೇರೆ ಬೇರೆಯವರ ಕಾಲುಗಳಂತೆ ಕಾಣುತ್ತಿದ್ದವು. ಅವಳು ಅಳಲಿಲ್ಲ. ದಸರೆಯ ನಂತರ ರಾಜ್ಯದ ಜೂನಿಯರ್ ತಂಡದ ಆಯ್ಕೆ ಇದೆ ಎಂಬುದೊಂದೇ ಅವಳ ತಲೆಯಲ್ಲಿತ್ತು. ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಹಿಂದಿನ ಎರಡು ಸಲವೂ ಕೊನೆಯ ಪಟ್ಟಿಯವರೆಗೆ ಹೋಗಿ ಬಂದವಳು ಅವಳು.

ಆಯ್ಕೆ ಹತ್ತಿರ ಬಂದಾಗ ಡಾಕ್ಟರು ಕಾಲು ಹಿಡಿದು, ಎಳೆದು, ತಿರುಗಿಸಿ ನೋಡಿದರು. “ನನ್ನ ಕಡೆಯಿಂದ ಅಡ್ಡಿ ಇಲ್ರಿ. ಆದರ ದವಾಖಾನ್ಯಾಗ ನಾ ಆಕೀನ ಓಡಿಸಿ ನೋಡಲಿಕ್ಕೆ ಆಗೂದಿಲ್ಲ. ಮೈದಾನದಾಗ ನೀವು ನೋಡ್ರಿ. ನೀವು ಹೂಂ ಅಂದ್ರ ನನ್ನದೂ ಹೂಂ,” ಎಂದರು. ಸಪ್ತಾಪುರದಲ್ಲಿ ಒಂಟಿ ಕಾಲಿನ ಜಿಗಿತ ಅಳೆದರು. ಒಳ್ಳೆಯ ಕಾಲು ಎಷ್ಟು ದೂರ ಹೋಯಿತೋ ಆಪರೇಷನ್ ಆದ ಕಾಲೂ ಹೆಚ್ಚುಕಡಿಮೆ ಅಷ್ಟೇ ಹೋಯಿತು. ನಾನು ಖುಷಿಯಿಂದ ಟೇಪು ಸುತ್ತುತ್ತಿದ್ದೆ. ಫಿಜಿಯೊ ಮಾತ್ರ, “ಒಳ್ಳೆ ಕಾಲೂ ಇಷ್ಟ ದಿನಾ ಕೂತೈತ್ರಿ. ಎರಡೂ ಒಂದ ಅಳತಿ ಬಂದ್ರ ಎರಡೂ ಪೂರಾ ಆಗ್ಯಾವ ಅಂತ ಅಲ್ಲ. ಆಟದಾಗ ಹೆಂಗ ತಿರಗ್ತಾಳ ನೋಡ್ರಿ,” ಎಂದಳು.

ನೋಡಿದೆ. ಅವಳನ್ನು ಕಂಬದಿಂದ ಓಡಿಸುವುದು, ನಾನು ಸೀಟಿ ಊದಿದೊಡನೆ ನನ್ನ ಕೈ ತೋರಿದ ಕಡೆ ಅವಳು ತಿರುಗುವುದು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಪಾದ ಗಟ್ಟಿಯಾಗಿ ಊರಿತು, ಮೊಣಕಾಲು ಅಲುಗಲಿಲ್ಲ, ಮುಖದಲ್ಲಿ ಅಳುಕಿಲ್ಲ. ಮೂರು ಬೆಳಿಗ್ಗೆಯೂ ಹಾಗೇ. ಕೂತ ಹುಡುಗಿಯರು ಚಪ್ಪಾಳೆ ಹೊಡೆದರು.

“ಛಲೋ ಆತು. ಐತವಾರ ಹೋಗಾಕ ತಯಾರಾಗು,” ಎಂದೆ.

ಅವಳ ಅಪ್ಪ ಅಂದು ಸಂಜೆ ಬುಟ್ಟಿ ತುಂಬ ಗಿರ್ಮಿಟ್ಟು, ಮಿರ್ಚಿ ತಂದು ತಂಡಕ್ಕೆಲ್ಲ ಹಂಚಿದ. ನಾನು ಹೊರಗಿನದು ತಿನ್ನುವವಳಲ್ಲ. ಅಂದು ತಿಂದೆ.

ಮರುದಿನ ಬೆಳಿಗ್ಗೆ ನಾನು ಸುಣ್ಣ ಹಾಕುತ್ತಿರುವಾಗಲೇ ಅವಳು ಬಂದಳು. ಹಿಂದೆ ಅವಳ ಗೆಳತಿ, ತಂಡದಲ್ಲೇ ಬಾಯಿ ಜೋರಿನವಳು.

“ಅಕ್ಕೋರ, ಒಂದ ಮಾತ ಹೇಳಲೇನ್ರಿ? ಬೈಬ್ಯಾಡ್ರಿ ಮತ್ತ.”

“ಬೈಯೂದು ಆಮ್ಯಾಲೆ ನೋಡೂಣು. ಹೇಳು.”

“ನಿಮ್ಮ ಸೀಟಿ ನನಗ ಗೊತ್ತೈತ್ರಿ.”

“ಅಂದ್ರ?”

“ಯಾವಾಗ ಊದ್ತೀರಿ ಅನ್ನೂದು ಗೊತ್ತೈತ್ರಿ. ಊದೂಕಿಂತ ಮೊದಲ ನಿಮ್ಮ ಭುಜಾ ಮ್ಯಾಲ ಏರತಾವು. ಬಲಕ್ಕ ಆದಮ್ಯಾಲೆ ಎಡಕ್ಕ, ಆಮ್ಯಾಲೆ ಮತ್ತ ಬಲಕ್ಕ. ಯಾವತ್ತೂ ಹಂಗರಿ. ಸಣ್ಣಾಕಿ ಇದ್ದಾಗಿಂದ ನಿಮ್ಮ ಕಡೇನ ಆಡೇನಲ್ರಿ.”

ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದಳು. “ಎಲ್ಲಾರಿಗೂ ಗೊತ್ತೈತ್ರಿ ಅಕ್ಕೋರ. ನಿಮ್ಮ ಸೀಟಿಗೆ ಗಡಿಯಾರ ಹಚ್ಚಬೌದು. ಭೋಂಗಾ ಅಂತೇವ್ರಿ ನಾವದಕ್ಕ.”

ಅಪ್ಪನ ಕಾರ್ಖಾನೆಯ ಭೋಂಗಾದ ಕತೆಯನ್ನು ನಾನೇ ಅವರಿಗೆ ಹೇಳಿದ್ದೆ. ಆ ಹೆಸರು ನನ್ನ ಸೀಟಿಗೆ ಬಿದ್ದಿದೆ ಎಂದು ಅಂದೇ ತಿಳಿದದ್ದು.

“ಆಟದಾಗ ಯಾರೂ ಹೇಳಿ ಖೋ ಕೊಡಾಂಗಿಲ್ರಲ್ಲ,” ಎಂದಳು ಗಿರಣಿಯವನ ಮಗಳು. “ಗೊತ್ತಿದ್ದಾಗ ಕಾಲು ತಿರಗ್ತೈತ್ರಿ. ಗೊತ್ತಿಲ್ಲದಾಗ ತಿರಗ್ತೈತೋ ಇಲ್ಲೋ ನನಗ ಗೊತ್ತಿಲ್ಲ. ರಾತ್ರಿಯೆಲ್ಲ ಅದನ್ನ ವಿಚಾರ ಮಾಡಿದ್ನಿ.”

ನಾನು ಕೊರಳಲ್ಲಿದ್ದ ಸೀಟಿಯನ್ನು ತೆಗೆದು ಗೆಳತಿಯ ಕೈಗೆ ಕೊಟ್ಟೆ. “ನಿನಗ ತಿಳದಾಗ ಊದು. ತಿಳದ ಕಡೆ ಕೈ ಮಾಡು. ಮೋಸಾ ಮಾಡು ಆಕಿಗೆ,” ಎಂದೆ. ಅವಳು ಸೀಟಿಯನ್ನು ಅಂಗಿಗೆ ಒರೆಸಿ, “ನಿಮ್ಮುನ್ನ ಒಮ್ಮ್ಯಾರ ಊದಿ ಎಬ್ಬಸ್ಬೇಕಂತ ಭಾಳ ಆಸೇ ಇತ್ತ್ರಿ,” ಎಂದಳು. ಮೂವರೂ ನಕ್ಕೆವು.

ಮೊದಲ ಎರಡು ಸಲ ಸರಿಯಾಗಿಯೇ ತಿರುಗಿದಳು. ಮೂರನೆಯ ಸಲ ಗೆಳತಿ ಬಹಳ ಹೊತ್ತು ಸುಮ್ಮನಿದ್ದು, ಇನ್ನೇನು ಊದುವುದೇ ಇಲ್ಲವೇನೋ ಎನ್ನುವಾಗ ಊದಿ ಎಡಕ್ಕೆ ಕೈ ಮಾಡಿದಳು. ಪಾದ ಊರಿತು. ಮೊಣಕಾಲು ಒಳಕ್ಕೆ ವಾಲಿತು, ಗಾಳಿ ಕಡಿಮೆಯಾದ ಗಾಲಿ ವಾಲಿದ ಹಾಗೆ. ಅವಳು ನೆಲಕ್ಕೆ ಕೈ ಕೊಟ್ಟು ಸಾವರಿಸಿಕೊಂಡಳು. ಪೆಟ್ಟಾಗಲಿಲ್ಲ. ಆಮೇಲೆ ಓಡಿದ್ದು ಓಟವೇ ಅಲ್ಲ. ಸೀಟಿ ಬರಬಹುದೆಂದು ಮೊದಲೇ ಹೆಜ್ಜೆ ಚಿಕ್ಕದು ಮಾಡಿ, ಬಾವಿಯ ದಂಡೆಯ ಮೇಲೆ ನಡೆಯುವವಳಂತೆ ಓಡಿದಳು. ಗೆಳತಿ ಊದುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

“ಈ ಸಲ ಬ್ಯಾಡ,” ಎಂದೆ.

“ಹೂಂನ್ರಿ,” ಎಂದಳು. ಅಷ್ಟೇ. ಹೋಗಿ ಎಲ್ಲರ ಜೊತೆ ಸಾಲಿನಲ್ಲಿ ಕೂತಳು, ಅಂದು ಕೊನೆಯವರೆಗೂ ಖೋ ಬಂದಾಗ ಎದ್ದು, ನಾಲ್ಕು ಹೆಜ್ಜೆ ಹೋಗಿ ಮುಂದಿನವಳಿಗೆ ಖೋ ಕೊಟ್ಟಳು.

ಸಂಜೆ ಅವಳ ಅಪ್ಪ ಮನೆಗೆ ಬಂದ. ಕೂತುಕೊಳ್ಳಲಿಲ್ಲ.

“ನಿನ್ನಿ ಹೂಂ ಅಂದ್ರಿ, ಇವತ್ತ ಬ್ಯಾಡ ಅಂದ್ರಿ. ನಿಮ್ಮ ಮಾತ ಗಡಿಯಾರ ಇದ್ದಂಗ ಅಂತ ಊರ ತುಂಬ ಹೇಳ್ತಿದ್ದೆ ನಾ.”

“ನಿನ್ನಿ ನೋಡಿದ್ದು ತಪ್ಪಿತ್ತು ಕಾಕಾ. ಇವತ್ತಿಂದು ಖರೇ. ಮತ್ತೊಮ್ಮೆ ಹರದ್ರ ಎರಡನೇ ಆಪರೇಷನ್ ಮೊದಲಿನ್ಹಂಗ ಇರೂದಿಲ್ಲ.”

“ಹುಚ್ಚ ಹುಡುಗಿ ಅದು. ಸುಮ್ಮನಿದ್ದಿದ್ರ…” ಎಂದು ಅರ್ಧಕ್ಕೆ ನಿಲ್ಲಿಸಿದ. ಮಗಳು ತಾನೇ ಹೇಳಿದ್ದೆಂದು ಮನೆಯಲ್ಲಿ ತಿಳಿಸಿದ್ದಳು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆ ಹುಡುಗಿ ಸುಮ್ಮನಿರಬೇಕಿತ್ತು ಎಂದು ನನಗೂ ಒಂದು ಗಳಿಗೆ ಅನ್ನಿಸಿತ್ತು. ಅವನು ಚಹಾ ಬೇಡವೆಂದು ಹೊರಟುಹೋದ.

ಐತವಾರ ಆಯ್ಕೆ ನಡೆಯಿತು. ಅವಳಿಲ್ಲದೆ.

ಕಾಲು ಸರಿಹೋಗಲಿಲ್ಲವೇ ಎಂದರೆ, ಹೋಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೂರು ಹುಡುಗಿಯರಿಗೆ ಮೂರು ಸೀಟಿ ಕೊಟ್ಟು ಮೂರು ಕಡೆ ನಿಲ್ಲಿಸಿದೆ. ಯಾರು ಯಾವಾಗ ಊದಿದರೂ ಅವಳು ತಿರುಗಿದಳು. ಮೊಣಕಾಲು ಕಂಬದಷ್ಟು ನೆಟ್ಟಗಿತ್ತು. ಸಪ್ತಾಪುರದ ಫಿಜಿಯೊ ನೋಡಿ, “ಈಗ ಖರೇ ತಯಾರ ಆಗ್ಯಾಳ,” ಎಂದಳು. ನಾನು ಅವಳನ್ನು ದೊಡ್ಡವರ ತಂಡಕ್ಕೆ ಸೇರಿಸಲು ಓಡಾಡಿದೆ. ಊರಿನದೇ ಒಂದು ಪಂದ್ಯದಲ್ಲಿ ಆಡಿದಳು, ಚೆನ್ನಾಗಿಯೇ ಆಡಿದಳು. ಮುಂದಿನ ವಾರ ಮೈದಾನಕ್ಕೆ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ನಾನು ಗಿರಣಿಗೆ ಹೋದೆ. ಅವಳು ತಕ್ಕಡಿಯ ಮುಂದೆ ನಿಂತಿದ್ದಳು.

“ಜ್ವರಾ ಏನ?”

“ಇಲ್ರಿ. ಯಾಕೋ ಮೊದಲಿನ್ಹಂಗ ಅನಸವಲ್ದ್ರಿ ಅಕ್ಕೋರ. ಓಡ್ತೇನಿ. ಆದ್ರ ಯಾರ ಕೈಗೂ ಸಿಗಬಾರದು ಅಂತ ಇರ್ತಿತ್ತಲ್ರಿ, ಅದು ಇಲ್ಲ. ಸಿಕ್ರ ಸಿಕ್ನಿ ಅನಸ್ತೈತಿ.”

ಗಿರಣಿಯ ಸದ್ದಿನಲ್ಲಿ ಇದನ್ನು ಅವಳು ಕೂಗಿ ಹೇಳಬೇಕಾಯಿತು. ಜೋಳ ತಂದಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಇದಕ್ಕೊಂದು ವ್ಯಾಯಾಮ ಇದ್ದಿದ್ದರೆ ಮಾಡಿಸುತ್ತಿದ್ದೆ.

ಅಂದು ನಾನು ಬೇಡವೆಂದದ್ದು ಸರಿ ಎಂದು ಡಾಕ್ಟರು ಹೇಳುತ್ತಾರೆ, ಫಿಜಿಯೊ ಹೇಳುತ್ತಾಳೆ. ನಾನೂ ಒಪ್ಪುತ್ತೇನೆ. ಇಂದು ಅಂಥದೇ ಕಾಲು ಕಂಡರೆ ಅದೇ ಮಾತು ಹೇಳುತ್ತೇನೆ. ಆದರೂ ಸುಣ್ಣ ಹಾಕುವಾಗ ಅವಳ ನೆನಪಾಗುತ್ತದೆ. ಆಯ್ಕೆ ಎರಡು ಮೂರು ತಿಂಗಳು ತಡವಾಗಿದ್ದರೆ, ಅವಳು ಒಂದೆರಡು ತಿಂಗಳು ತಡವಾಗಿ ಹುಟ್ಟಿದ್ದರೆ ಎಂದೆಲ್ಲ ಲೆಕ್ಕ ಹಾಕುತ್ತೇನೆ. ಕಾಲಿಗೆ ಅವಸರ ಮಾಡಿದರೆ ನಡೆಯುವುದಿಲ್ಲ, ಪಂದ್ಯದವರಿಗೆ ಕಾಯಿರಿ ಎಂದರೆ ನಡೆಯುವುದಿಲ್ಲ. ಆ ಎರಡರ ನಡುವೆ ನಿಂತವಳು ಸುಳ್ಳು ಹೇಳದ ಹುಡುಗಿ.

ಈಗ ಆಪರೇಷನ್ ಆಗಿ ಬಂದ ಯಾರನ್ನೂ ನಾನು ನನ್ನ ಸೀಟಿಯಿಂದ ಓಡಿಸಿ ನೋಡುವುದಿಲ್ಲ. ಕಳೆದ ಐತವಾರ ಅಂಥ ಹುಡುಗಿಯೊಬ್ಬಳಿದ್ದಳು, ಹೈಸ್ಕೂಲಿನವಳು. ಗಿರಣಿಗೆ ಹೇಳಿ ಕಳಿಸಿದೆ. ಕಾಲೇಜು ಮುಗಿಸಿ ಈಗ ಅಪ್ಪನ ಜೊತೆ ಗಿರಣಿ ನೋಡಿಕೊಳ್ಳುವ ಅವಳು ಹುಬ್ಬಿನ ಮೇಲೆ ಹಿಟ್ಟು ಹೊತ್ತುಕೊಂಡೇ ಬಂದು ಸೀಟಿ ಹಿಡಿದಳು. ಅವಳು ಯಾವಾಗ ಊದುತ್ತಾಳೆಂದು ನನಗೂ ಹೇಳಲಾಗಲಿಲ್ಲ. ಹೊಸ ಹುಡುಗಿಯ ಮೊಣಕಾಲು ವಾಲಿತು. ಇನ್ನೂ ಕಾಯಬೇಕು ಎಂದೆವು. ಆ ಮಗುವಿಗೆ ವಯಸ್ಸು ಬೇಕಾದಷ್ಟಿದೆ, ಆದರೂ ಅತ್ತಿತು.

ಎಲ್ಲರೂ ನೀರು ಕುಡಿಯಲು ಹೋದಾಗ ಗಿರಣಿಯವನ ಮಗಳನ್ನು ಕೇಳಿದೆ. ಇಷ್ಟು ದಿನ ಕೇಳಿರಲಿಲ್ಲ.

“ಅವತ್ತ ಯಾಕ ಹೇಳಿದಿ?”

ಅವಳು ಸೀಟಿಯನ್ನು ಓಢಣಿಗೆ ಒರೆಸಿ ನನ್ನ ಕೈಗಿಟ್ಟಳು.

“ಹೇಳಬಾರದಿತ್ತೇನ್ರಿ ಅಕ್ಕೋರ?”

ಅವಳು ಚುಚ್ಚಿ ಕೇಳಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು. ನಾನು ಗಡಿಯಾರ ನೋಡಿದೆ. ಹುಡುಗಿಯರು ನೀರು ಕುಡಿದು ಬರುವ ಹೊತ್ತು ಮೀರಿತ್ತು. ಸೀಟಿ ಕೈಯಲ್ಲೇ ಇತ್ತು, ಊದಲಿಲ್ಲ.