ಹೊರಮೂಲೆಯ ಸರ್ವ್

ಕೋವಿಡ್‌ಗೆ ಮುಂಚಿನ ಮಾತು. ಮದುವೆಯಾಗಿ ಮೈಸೂರಿನಿಂದ ದೋಹಾಕ್ಕೆ ಬಂದಿದ್ದ ನಾನು ಅಲ್ ವಕ್ರಾದ ಒಂದು ಕ್ಲಬ್ಬಿನಲ್ಲಿ ಮಕ್ಕಳ ಟೆನಿಸ್ ಕೋಚ್ ಆಗಿದ್ದೆ. ಚಳಿಗಾಲದಲ್ಲಿ ಮಹಿಳೆಯರ ಅಂತರರಾಷ್ಟ್ರೀಯ ಟೂರ್ನಿ ಬಂತೆಂದರೆ ನನಗೆ ಇನ್ನೊಂದು ಕೆಲಸವೂ ಸಿಗುತ್ತಿತ್ತು: ಹಿಟ್ಟಿಂಗ್ ಪಾರ್ಟ್ನರ್. ಅಂದರೆ ದೊಡ್ಡ ಆಟಗಾರ್ತಿಯರು ಅಭ್ಯಾಸ ಮಾಡುವಾಗ ನೆಟ್ಟಿನ ಈಚೆ ನಿಂತು, ಅವರು ಕೇಳಿದ ಕಡೆಗೆ ಚೆಂಡು ಹೊಡೆಯುವುದು. ರಾಜ್ಯದ ಜೂನಿಯರ್ ತಂಡ ದಾಟಿ ಮುಂದೆ ಹೋಗಲಾಗದ ನನ್ನನ್ನು ಅವರು ಕರೆಯುತ್ತಿದ್ದುದಕ್ಕೆ ಒಂದೇ ಕಾರಣ, ನಾನು ಎಡಗೈಯವಳು.

ಎಡಗೈ ಆಟಗಾರರ ಹತ್ತಿರ ಒಂದು ವಿಶೇಷ ಸರ್ವ್ ಇರುತ್ತದೆ. ಎದುರಾಳಿಯ ಎಡಬದಿಯ ಚೌಕದಲ್ಲಿ ಬಿದ್ದ ಚೆಂಡು ಹಾಗೇ ಹೊರಕ್ಕೆ ಜಾರಿ ಕೋರ್ಟಿನಾಚೆಗೆ ಓಡುತ್ತದೆ. ಬಲಗೈಯವಳು ಅದನ್ನು ಮುಟ್ಟಬೇಕಾದರೆ ಇಡೀ ಮೈಭಾರವನ್ನು ಎಡಗಾಲಿನ ಮೇಲೆ ಹಾಕಿ ಕೈ ಚಾಚಬೇಕು. ಎಡಗೈ ಎದುರಾಳಿ ಸಿಕ್ಕವರು ಪಂದ್ಯಕ್ಕೆ ಮುಂಚೆ ಈ ಹೊರಮೂಲೆಯ ಸರ್ವನ್ನೇ ನನ್ನಿಂದ ಹಾಕಿಸಿಕೊಳ್ಳುತ್ತಿದ್ದರು.

ಹಾಗೆ ಹಾಕಿಸಿಕೊಂಡವರಲ್ಲಿ ರಷ್ಯಾದ ಚಾಂಪಿಯನ್ ಒಬ್ಬಳಿದ್ದಳು, ಅವಳನ್ನು ಇಲ್ಲಿ ಜೋಯಾ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇಡ, ಅವಳಿಗೆ ಆಗಿರುವುದೇ ಸಾಕು. ನಾನು ಮೊದಲು ನೋಡಿದಾಗ ಅವಳು ಗ್ರ್ಯಾಂಡ್ ಸ್ಲಾಮ್ ಗೆದ್ದು ಬಂದಿದ್ದಳು. ದೋಹಾದ ವೆಸ್ಟ್ ಬೇ ಬಡಾವಣೆಯ ಕಟ್ಟಡವೊಂದರ ಮೈತುಂಬ ಅವಳದೇ ಚಿತ್ರ, ಅಭ್ಯಾಸಕ್ಕೆ ಸೆಂಟರ್ ಕೋರ್ಟೇ. ನಾನು ಭಯಭಕ್ತಿಯಿಂದ ಮೆತ್ತಗೆ ಸರ್ವ್ ಮಾಡಿದೆ. ಅವಳು ಚೆಂಡು ಹಿಡಿದುಕೊಂಡು ನೆಟ್ಟಿನ ತನಕ ನಡೆದು ಬಂದು, "ಮೈ ಹುಷಾರಿಲ್ಲವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹುಷಾರಾಗಿದ್ದೇನೆ."

"ಹಾಗಾದರೆ ಹೊಡಿ. ಪೂಜೆ ಮಾಡಿಸಿಕೊಳ್ಳಲು ನಾನು ಇಲ್ಲಿಗೆ ಬಂದಿಲ್ಲ."

ಹೊಡೆದೆ. ಹೊರಮೂಲೆಗೆ ಹಾಕಿದ್ದನ್ನು ಮುಟ್ಟಲಾಗದೆ ಅವಳು ರ‍್ಯಾಕೆಟ್ ನೆಲಕ್ಕೆ ಕುಕ್ಕಿದಳು, ಬೈದಳು, ಆಮೇಲೆ ನಕ್ಕು "ಇನ್ನೊಂದು" ಎಂದಳು. ಅಬ್ಬಾ, ಎಂಥ ಹಟ! ವಾರವಿಡೀ ಅದೇ ಆಯಿತು. ಆ ವರ್ಷ ಕಪ್ ಅವಳದೇ.

ಆಮೇಲೆ ಇಳಿತ ಶುರುವಾಯಿತು. ಎಡ ಸೊಂಟದ ಕೀಲಿಗೆ ಆಪರೇಷನ್. ವಾಪಸು ಬಂದಳು, ಸೋತಳು, ಮತ್ತೆ ಆಪರೇಷನ್. ಅಷ್ಟರಲ್ಲಿ ರಷ್ಯಾ ಯುದ್ಧಕ್ಕಿಳಿದು, ಟೂರ್ನಿಗಳ ಪಟ್ಟಿಯಲ್ಲಿ ರಷ್ಯನ್ನರ ಹೆಸರಿನ ಪಕ್ಕದಿಂದ ಬಾವುಟ ಹೋಯಿತು. ಶೂ ಕಂಪನಿಯವರು ಕೈಬಿಟ್ಟರು, ಹಳೆಯ ಕೋಚ್ ಬೇರೊಬ್ಬಳ ಜೊತೆ ಹೋದ. ಅವಳು ಮತ್ತೆ ದೋಹಾಕ್ಕೆ ಬಂದಾಗ ಸಿಕ್ಕಿದ್ದು ವೈಲ್ಡ್ ಕಾರ್ಡ್. ರ‍್ಯಾಂಕಿಂಗ್ ಸಾಲದವರಿಗೆ ಸಂಘಟಕರು ತಾವಾಗಿ ಕೊಡುವ ಪ್ರವೇಶ ಅದು. ಇಲ್ಲಿ ಒಂದೆರಡು ಪಂದ್ಯ ಗೆದ್ದರೆ ಮುಂದಿನ ಟೂರ್ನಿಯವರೂ ಕರೆಯುತ್ತಾರೆ, ಸೋತರೆ ಇನ್ನು ಯಾರೂ ಕರೆಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಮೊದಲ ಸುತ್ತಿನ ಎದುರಾಳಿ ಹದಿಹರೆಯದ ಹುಡುಗಿ. ಎಡಗೈ.

ಅಭ್ಯಾಸದ ಕೋರ್ಟ್ ಹಂಚುವ ಡೆಸ್ಕ್‌ನಲ್ಲಿ ಮಂಗಳೂರಿನ ನನ್ನ ಗೆಳತಿ ಲವೀನಾ ಇದ್ದಳು. "ಹೋದ ಸಲ ಸೆಂಟರ್ ಕೋರ್ಟ್ ಕೊಟ್ಟಿದ್ದೆ ಅವಳಿಗೆ. ಈಗ ಪಾರ್ಕಿಂಗ್ ಬದಿಯದ್ದು, ಅದೂ ಮಧ್ಯಾಹ್ನದ ಬಿಸಿಲಿಗೆ. ನನಗೇ ಬೇಜಾರಾಗ್ತದೆ ಮಾರಾಯ್ತಿ," ಅಂದಳು.

ಜೋಯಾಳ ಹೊಸ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: ಸರ್ವ್ ಮಧ್ಯಕ್ಕೇ ಹಾಕು, ಚೆಂಡು ಸೊಂಟದೆತ್ತರಕ್ಕೆ ಬರಲಿ, ಓಡಿಸಬೇಡ. ಅವಳಿಗೆ ಈಗ ಬೇಕಾಗಿರುವುದು ಆತ್ಮವಿಶ್ವಾಸ.

"ಆ ಹುಡುಗಿಯೂ ಮಧ್ಯಕ್ಕೇ ಹಾಕುತ್ತಾಳಾ?" ಎಂದು ಕೇಳಿದೆ.

"ನಿನ್ನನ್ನು ಕರೆದಿರುವುದು ಹೊಡೆಯಲಿಕ್ಕೆ, ಯೋಚನೆ ಮಾಡಲಿಕ್ಕಲ್ಲ," ಎಂದ.

ಮೈಯೆಲ್ಲ ಉರಿದುಹೋಯಿತು. ಆದರೆ ಪಾರ್ಟ್ನರ್‌ಗೆ ಕೋಚ್ ಹೇಳಿದ್ದೇ ಅಂತಿಮ, ಅದು ಈ ಕೆಲಸದ ನಿಯಮ. ಎರಡು ದಿನ ಅವನು ಹೇಳಿದಂತೆಯೇ ಹಾಕಿದೆ. ಅವಳು ಬಾರಿಸಿದ ಒಂದೊಂದು ಚೆಂಡಿಗೂ ಅವನ ಚಪ್ಪಾಳೆ. 'ಚಾಂಪಿಯನ್ ವಾಪಸ್' ಎಂದು ಮೊಬೈಲಿನಲ್ಲಿ ವಿಡಿಯೋ ಬೇರೆ ಹಾಕಿದ. ಮನೆಯಲ್ಲಿ ಹೇಳಿಕೊಂಡರೆ ನನ್ನ ಗಂಡ, "ಬಿಡೇ, ನಿಂಗ್ಯಾಕೆ ಇಲ್ಲದ ಉಸಾಬರಿ? ಹೇಳ್ದಷ್ಟು ಮಾಡ್ಬಿಟ್ಟು ಬಾ," ಅಂದರು.

ಮೂರನೆಯ ದಿನ ಕೋಚ್ ಫೋನ್ ಬಂತೆಂದು ಆಚೆ ಹೋದ. ಜೋಯಾ ನೆಟ್ಟಿನ ಹತ್ತಿರ ಬಂದಳು. "ಮೊದಲೆಲ್ಲ ನೀನು ಹೊರಗೆ ಹಾಕುತ್ತಿದ್ದೆ. ಈಗ ಯಾಕೆ ಹಾಕುವುದಿಲ್ಲ?"

ನಾನು ಕೋಚ್ ಹೋದ ದಿಕ್ಕಿಗೆ ನೋಡಿದೆ. ಅವಳಿಗೆ ಅರ್ಥವಾಯಿತು. "ಹಾಕು," ಎಂದಳು.

ಹಾಕಿದೆ. ಮುಟ್ಟಲಿಲ್ಲ. ಮತ್ತೆ ಹಾಕಿದೆ, ಮತ್ತೂ ಮುಟ್ಟಲಿಲ್ಲ. ಎಡಗಾಲು ಊರುವ ಕ್ಷಣದಲ್ಲಿ ಅವಳ ಮೈ ಹಿಂಜರಿಯುತ್ತಿತ್ತು. ಕೀಲು ವಾಸಿಯಾಗಿತ್ತು, ಭಯ ವಾಸಿಯಾಗಿರಲಿಲ್ಲ. ನನಗೆ ಅಳು ಬರುವಂತಾಯಿತು, ಆದರೆ ಅವಳು ಅಳುವವಳಲ್ಲ. ಕೋರ್ಟಿನ ಹಿಂದಿನ ಗೆರೆಯಿಂದ ಮುಂದಕ್ಕೆ ಬಂದು ನಿಂತು, ಚೆಂಡು ಹೊರಕ್ಕೆ ಜಾರುವ ಮುಂಚೆಯೇ ಹೊಡೆಯಲು ನೋಡಿದಳು. ಮೊದಲು ನೆಟ್ಟಿಗೆ ಬಿತ್ತು, ಆಮೇಲೆ ಒಂದು ದಾಟಿತು, ಇನ್ನೊಂದು ನನ್ನ ಕಾಲ ಬುಡಕ್ಕೇ ಬಂತು. "ಇನ್ನೊಂದು!" ಅದೇ ಹಳೆಯ ದನಿ! ಬೆವರು ಸುರಿಯುತ್ತಿದ್ದ ಆ ಅರ್ಧ ಗಂಟೆಯಲ್ಲಿ, ಇವಳು ಗೆದ್ದರೂ ಗೆಲ್ಲಬಹುದು ಅಂದುಕೊಂಡೆ.

ಅಷ್ಟರಲ್ಲಿ ಕೋಚ್ ಬಂದ. ಅವಳು ಒಂದು ಚೆಂಡು ಬಿಟ್ಟದ್ದನ್ನು ನೋಡಿದ್ದೇ ತಡ, "ಖಲಾಸ್! ಸಾಕು ನಿಲ್ಲಿಸು!" ಎಂದು ಎಲ್ಲರೆದುರು ಕೂಗಾಡಿದ. ಖಲಾಸ್ ಅನ್ನುವ ಅರಬ್ಬಿ ಮಾತನ್ನು ಮಾತ್ರ ದೋಹಾದಲ್ಲಿ ಎಲ್ಲರೂ ಬೇಗ ಕಲಿಯುತ್ತಾರೆ.

ಮರುದಿನ ಡೆಸ್ಕ್‌ಗೆ ಹೋದರೆ ಲವೀನಾ ಮುಖ ತಗ್ಗಿಸಿದಳು. "ನಿನ್ನ ಹೆಸರು ತೆಗೆಸಿದ್ದಾನೆ. ಬೇರೆ ಎಡಗೈಯವನು ಬರ್ತಾನಂತೆ. ನಾನು ಎಂತ ಮಾಡುದು, ಹೇಳು?"

ಜೋಯಾ ಅಲ್ಲೇ ಬ್ಯಾಗ್ ಹೊತ್ತು ನಿಂತಿದ್ದಳು. ನಾನು ನೇರವಾಗಿಯೇ ಕೇಳಿದೆ, "ನಿನ್ನೆ ನಿನಗೆ ದಾರಿ ಸಿಕ್ಕಿತ್ತು. ಇನ್ನೊಂದು ದಿನ ಅದನ್ನೇ ಮಾಡಿದ್ದರೆ?"

ಅವಳು ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ನಾಳೆ ಕೋರ್ಟಿಗೆ ಇಳಿಯಬೇಕಾದರೆ ನನಗೆ ನಂಬಿಕೆ ಬೇಕು. ನಿನ್ನ ಎದುರು ಅದು ಬರುವುದಿಲ್ಲ," ಎಂದು ಹೊರಟುಹೋದಳು. ಕೋಚ್ ಬೈದದ್ದಕ್ಕಿಂತ ಇದೇ ನನಗೆ ಜಾಸ್ತಿ ನೋವು ಮಾಡಿತು. ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಮೆತ್ತನೆಯ ಚೆಂಡನ್ನೇ ಆರಿಸಿಕೊಂಡಳು.

ಪಂದ್ಯದ ದಿನ ನನ್ನ ಕ್ಲಬ್ಬಿನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಆ ಹುಡುಗಿಗೆ ಗುಟ್ಟು ಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊರಮೂಲೆಗೆ ಒಂದು ಹಾಕಿದಳು, ಜೋಯಾ ತಡವರಿಸಿದಳು. ಅಷ್ಟೇ, ಆಮೇಲೆ ಬೇಕಾದಾಗಲೆಲ್ಲ ಅಲ್ಲಿಗೇ ಹಾಕಿದಳು. ಕೊನೆಯ ಗೇಮಿನಲ್ಲಿ ಜೋಯಾ ಮುಂದಕ್ಕೆ ಬಂದು ನಿಂತಳು, ನಾವು ಮಾಡಿದ್ದಂತೆಯೇ. ಒಂದು ಚೆಂಡು ಗುಂಡು ಹೊಡೆದಂತೆ ವಾಪಸು ಹೋಯಿತು. ನಾನು ಎದ್ದು ನಿಂತು ಕಿರುಚಿದೆ. ಆದರೆ ಹೊತ್ತು ಮೀರಿತ್ತು.

ಪಂದ್ಯ ಮುಗಿದ ಮೇಲೆ ಕೋಚ್ ವರದಿಗಾರರ ಮುಂದೆ ಹೇಳಿದ್ದೇನು ಗೊತ್ತೇ? ಇಲ್ಲಿ ಕೊಟ್ಟ ಪಾರ್ಟ್ನರ್ ಅವಳ ಆತ್ಮವಿಶ್ವಾಸ ಹಾಳುಮಾಡಿದಳಂತೆ! ಥೂ, ನಾಚಿಕೆ ಬೇಡವೇ? ಜೋಯಾ ಪಕ್ಕದಲ್ಲೇ ಕೂತಿದ್ದಳು, ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಟೂರ್ನಿಯವರು ನನ್ನನ್ನು ಕರೆಯಲೂ ಇಲ್ಲ.

ಪಂದ್ಯ ಸೋತು ಅವಳು ಊರಿಗೆ ಹೊರಟ ದಿನ ಪ್ರವೇಶದ ಕಾರ್ಡ್ ಹಿಂತಿರುಗಿಸಲು ಡೆಸ್ಕ್‌ಗೆ ಬಂದಳು. ಲವೀನಾಳ ಪಕ್ಕದಲ್ಲಿ ನನ್ನನ್ನು ಕಂಡು ನಿಂತಳು. ಕ್ಷಮೆ ಕೇಳಲಿಲ್ಲ. "ಈ ವಾರ ನಾನು ಟೆನಿಸ್ ಆಡಿದ್ದು ಆ ಅರ್ಧ ಗಂಟೆ ಮಾತ್ರ," ಎಂದಳು. ಮತ್ತೆ ಅವಳು ಯಾವ ದೊಡ್ಡ ಟೂರ್ನಿಯಲ್ಲೂ ಆಡಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಗೆಲ್ಲುವವರಿಗೆ ನಿಜ ಹೇಳಿದರೆ ನಕ್ಕು ಇನ್ನೊಂದು ಕೇಳುತ್ತಾರೆ. ನಿಜ ತೀರಾ ಬೇಕಾಗಿರುವುದು ಸೋಲುತ್ತಿರುವವರಿಗೆ, ಆದರೆ ಅವರ ಸುತ್ತ ಇರುವವರು ಅದನ್ನು ಹೇಳಲು ಯಾರನ್ನೂ ಬಿಡುವುದಿಲ್ಲ, ಕೊನೆಗೆ ಅವರೂ ಕೇಳುವುದಿಲ್ಲ.

ಮೊನ್ನೆ ಬೆಂಗಳೂರಿನ ಒಬ್ಬರು ಮಗಳನ್ನು ಕ್ಲಾಸಿಗೆ ಬಿಡುತ್ತಾ, "ಮೇಡಂ, ಅವ್ಳಿಗೆ ಸ್ವಲ್ಪ ಈಸಿಯಾಗಿ ಹಾಕಿ, ಕಾನ್ಫಿಡೆನ್ಸ್ ಬರ್ಲಿ," ಅಂದರು. ನಾನು ಹುಡುಗಿಗೆ ಗೆರೆಯಿಂದ ಮುಂದೆ ನಿಲ್ಲುವ ಜಾಗ ತೋರಿಸಿ, ಹೊರಮೂಲೆಗೇ ಸರ್ವ್ ಹಾಕಿದೆ. ಒಂಬತ್ತು ಬಿಟ್ಟಳು, ಹತ್ತನೆಯದನ್ನು ಮುಟ್ಟಿ ಕುಣಿದಾಡಿದಳು.

ಈ ವಾರದಿಂದ ಅವಳನ್ನು ಬೇರೆ ಕೋಚ್ ಹತ್ತಿರ ಸೇರಿಸಿದ್ದಾರೆ.